ವಿಶ್ವಾಸವನ್ನು ಕಾದ ಅಜ್ಜಿಯರು: ಚಾಮರಾಜನಗರ – ಗುಂಡ್ಲುಪೇಟೆ ಸೀಮೆಯ ಒಂದು ಚಾರಿತ್ರಿಕ ನೋಟ

ಯಾವ ದೇವಾಲಯದ ಶತಮಾನೋತ್ಸವ ಸಂಚಿಕೆಯನ್ನು ತೆರೆದು ನೋಡಿದರೂ ಮೊದಲಿಗೆ ಧರ್ಮಾಧ್ಯಕ್ಷರ ಆಶೀರ್ವಚನ, ಆ ಬಳಿಕ ಸೇವೆ ಸಲ್ಲಿಸಿದ ಪೂಜ್ಯ ಗುರುಗಳ ಪಟ್ಟಿ, ಅಸ್ತಿಭಾರ ಹಾಕಿದ ದಿನ, ಗಂಟೆ ತೂಗಿದ ವರ್ಷ, ದಾನಿಗಳ ನಾಮಾವಳಿ ಇವು ಕಣ್ಣಿಗೆ ಬೀಳುತ್ತವೆ. ಇವೆಲ್ಲ ಇರಬೇಕಾದುವೇ, ಇವುಗಳ ಬೆಲೆಯನ್ನು ಕಡಿಮೆಮಾಡುವ ಉದ್ದೇಶ ನಮಗಿಲ್ಲ. ಆದರೆ ಈ ಎಲ್ಲ ಪಟ್ಟಿಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಿದ ಮೇಲೂ ಒಂದು ವರ್ಗದ ಜನರ ಹೆಸರು ಎಲ್ಲಿಯೂ ಸಿಕ್ಕಿರುವುದಿಲ್ಲ. ಬೆಳಗಿನ ಗಂಟೆಗೆ ಮುನ್ನವೇ ದೇವಾಲಯದ ಬಾಗಿಲಲ್ಲಿ ನಿಂತಿರುತ್ತಿದ್ದವರು, ಪೀಠದ ಮುಂದಿನ ನೆಲವನ್ನು ಗುಡಿಸಿ ಹೂವಿಟ್ಟವರು, ಮಕ್ಕಳ ಬೆರಳು ಹಿಡಿದು ಹಣೆಯ ಮೇಲೆ ಶಿಲುಬೆಯ ಗುರುತು ಹಾಕಲು ಕಲಿಸಿದವರು ಯಾರು? ನಮ್ಮ ತಾಯಂದಿರು, ಅಜ್ಜಿಯರು. ಚಾಮರಾಜನಗರ, ಗುಂಡ್ಲುಪೇಟೆಗಳ ಈ ಗಡಿಸೀಮೆಯಲ್ಲಿ ಕಥೋಲಿಕ ವಿಶ್ವಾಸ ಉಳಿದು ಬಂದ ಬಗೆಯನ್ನು ಅವರ ದೆಸೆಯಿಂದ ನೋಡುವುದು ಈ ಲೇಖನದ ಉದ್ದೇಶ.

ಇಲ್ಲಿ ನಾವು ಯಾವೊಬ್ಬ ಅಜ್ಜಿಯ ಹೆಸರನ್ನೂ ಹೇಳಹೊರಟಿಲ್ಲ. ಒಬ್ಬರ ಹೆಸರು ಹೇಳಿ ಇನ್ನೊಬ್ಬರದನ್ನು ಬಿಟ್ಟರೆ ಅನ್ಯಾಯವಾದೀತು. 1920ರ ದಶಕದಲ್ಲಿ ಹುಟ್ಟಿ, ತೊಂಬತ್ತು ದಾಟಿ ಬಾಳಿದ ಒಬ್ಬ ತಾಯಿಯ ಆಯುಷ್ಯವನ್ನು ಅಳತೆಗೋಲಾಗಿ ಇಟ್ಟುಕೊಂಡು, ಆ ಆಯುಷ್ಯದೊಳಗೆ ಧರ್ಮಸಭೆಯಲ್ಲೂ ನಾಡಿನಲ್ಲೂ ಏನೇನು ನಡೆಯಿತು, ಅದು ಅಂಥವರ ದಿನಚರಿಯನ್ನು ಹೇಗೆ ಮುಟ್ಟಿತು ಎಂಬುದನ್ನು ವಿಚಾರಿಸೋಣ. ಓದುಗರು ತಮ್ಮ ತಮ್ಮ ಮನೆಯ ಹಿರಿಯರನ್ನು ಆ ಸ್ಥಳದಲ್ಲಿ ಇಟ್ಟು ನೋಡಿಕೊಳ್ಳಬಹುದು.

ಅದಕ್ಕೂ ಮೊದಲು ಸ್ವಲ್ಪ ಹಿಂದಿನ ಕಥೆ ಅಗತ್ಯ. ಮೈಸೂರು ಸಂಸ್ಥಾನದಲ್ಲಿ ಯೇಸುಸಭೆಯ ಗುರುಗಳ ಧರ್ಮಪ್ರಚಾರ ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಇಟಲಿಯ ಲಿಯೊನಾರ್ದೊ ಚಿನ್ನಾಮಿ ಎಂಬ ಗುರುವಿನಿಂದ ಆರಂಭವಾಯಿತು. ಶ್ರೀರಂಗಪಟ್ಟಣ ಅದರ ಒಂದು ನೆಲೆ. ಘಟ್ಟದ ಕೆಳಗಿನ ಸತ್ಯಮಂಗಲ ಇನ್ನೊಂದು. ಈ ಎರಡರ ನಡುವಿನ ನಾಡೇ ನಮ್ಮದು. ಹನೂರು ಕಡೆಯ ಮಾರ್ಟಳ್ಳಿಯಂಥ ಹಳೆಯ ಕ್ರೈಸ್ತ ನೆಲೆಗಳನ್ನು ಬಲ್ಲವರಿಗೆ ಈ ಸೀಮೆಯ ವಿಶ್ವಾಸ ನಿನ್ನೆ ಮೊನ್ನೆಯದಲ್ಲವೆಂಬುದು ಗೊತ್ತು. 1773ರಲ್ಲಿ ಜಗದ್ಗುರುಗಳಾದ ಹದಿನಾಲ್ಕನೆಯ ಕ್ಲೆಮೆಂಟರು ಯೇಸುಸಭೆಯನ್ನೇ ರದ್ದುಪಡಿಸಿದರು. 1776ರಲ್ಲಿ ಪ್ಯಾರಿಸಿನ ವಿದೇಶ ಧರ್ಮಪ್ರಚಾರ ಸಂಘದವರು ಈ ಹೊಣೆಯನ್ನು ವಹಿಸಿಕೊಂಡರೇನೋ ಸರಿ, ಆದರೆ ಬಂದ ಗುರುಗಳು ಬೆರಳೆಣಿಕೆಯವರು, ಪ್ರದೇಶವೋ ವಿಶಾಲ. ಅದೇ ಕಾಲದಲ್ಲಿ ನಾಡು ಯುದ್ಧಗಳಿಂದ ತತ್ತರಿಸಿತ್ತು. 1784ರಲ್ಲಿ ಕರಾವಳಿಯ ಕ್ರೈಸ್ತರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದರು. 1799ರಲ್ಲಿ ಶ್ರೀರಂಗಪಟ್ಟಣ ಬೀಳುವವರೆಗಿನ ಆ ಕಾಲು ಶತಮಾನದಲ್ಲಿ ಒಳನಾಡಿನ ಎಷ್ಟೋ ಹಳ್ಳಿಗಳು ಗುರುವಿನ ಮುಖವನ್ನೇ ಕಾಣದೆ ಇದ್ದುವು. ಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಸತ್ಪ್ರಸಾದವಿಲ್ಲ. ಆದರೂ ಯುದ್ಧ ಮುಗಿದ ಮೇಲೆ ಗುರುಗಳು ಬಂದು ನೋಡಿದಾಗ ಕ್ರೈಸ್ತರು ಇದ್ದರು, ಪ್ರಾರ್ಥನೆಗಳು ಅವರ ಬಾಯಲ್ಲಿದ್ದುವು. ದೇವಾಲಯವೂ ಗುರುವೂ ಇಲ್ಲದಿದ್ದ ಆ ವರ್ಷಗಳಲ್ಲಿ ಪರಲೋಕ ಮಂತ್ರವನ್ನು ಮಕ್ಕಳ ಕಿವಿಗೆ ಹಾಕಿದ್ದು ಮನೆಯಲ್ಲದೆ ಬೇರೆ ಯಾವುದೂ ಆಗಿರಲು ಸಾಧ್ಯವಿಲ್ಲ ಎಂಬುದು ನಮ್ಮ ತೀರ್ಮಾನ.

ಹಾಗೆ ಬಂದ ಗುರುಗಳಲ್ಲಿ ಅಗ್ರಗಣ್ಯರು ಆಬೆ ದ್ಯುಬ್ವಾ. ಫ್ರಾನ್ಸಿನಿಂದ 1792ರಲ್ಲಿ ಭಾರತಕ್ಕೆ ಬಂದು, ಮೈಸೂರು ಸೀಮೆಯಲ್ಲಿ ನಮ್ಮವರಂತೆಯೇ ಉಡುತ್ತ, ಸಸ್ಯಾಹಾರವನ್ನೇ ಉಣ್ಣುತ್ತ, ಜನರಿಂದ ‘ದೊಡ್ಡ ಸ್ವಾಮಿಯವರು’ ಎನ್ನಿಸಿಕೊಂಡ ಮಹಾನುಭಾವರು. ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕಾರ್ಯದಲ್ಲೂ ಅವರು ಮುಂದಾಗಿದ್ದರು. ಇಂಥವರು ಮೂರು ದಶಕಗಳ ದುಡಿಮೆಯ ನಂತರ 1823ರಲ್ಲಿ ಸ್ವದೇಶಕ್ಕೆ ಮರಳಿ, ಅದೇ ವರ್ಷ ಲಂಡನ್ನಿನಲ್ಲಿ ಭಾರತದ ಕ್ರೈಸ್ತಧರ್ಮದ ಸ್ಥಿತಿಗತಿಯನ್ನು ಕುರಿತ ತಮ್ಮ ಪತ್ರಗಳನ್ನು ಪುಸ್ತಕವಾಗಿ ಪ್ರಕಟಿಸಿದರು. ಅದರಲ್ಲಿ ವ್ಯಕ್ತವಾಗಿರುವುದು ಬಹುಪಾಲು ನಿರಾಶೆ. ಈ ನೆಲದಲ್ಲಿ ಕ್ರೈಸ್ತಧರ್ಮ ಬೇರೂರುವ ಆಸೆ ಇಲ್ಲವೆಂಬ ಅವರ ಅಭಿಪ್ರಾಯಕ್ಕೆ ಆಗಲೇ ಪ್ರತಿವಾದಗಳೂ ಬಂದುವು. ದೊಡ್ಡ ಸ್ವಾಮಿಯವರ ಮೇಲಿನ ಗೌರವಕ್ಕೆ ಚ್ಯುತಿ ಬಾರದಂತೆ ನಾವು ಒಂದು ಮಾತು ಹೇಳಬಯಸುತ್ತೇವೆ. ಅವರು ಎಣಿಸಿದ್ದು ಹೊಸದಾಗಿ ಸೇರಿದವರನ್ನು, ಬಿಟ್ಟುಹೋದವರನ್ನು, ಗುರುವಿನ ಮುಂದೆ ಬಂದು ನಿಂತವರನ್ನು. ಒಲೆಯ ಮುಂದೆ ಮೊಮ್ಮಗುವನ್ನು ಕೂರಿಸಿಕೊಂಡು ಜಪ ಹೇಳಿಕೊಡುವ ಮುದುಕಿಯು ಯಾವ ಲೆಕ್ಕಕ್ಕೂ ಸಿಕ್ಕುವವಳಲ್ಲ. ಸಂತ ಪೌಲರು ಈ ವಿಷಯದಲ್ಲಿ ಹೆಚ್ಚು ಸೂಕ್ಷ್ಮಗ್ರಾಹಿಗಳು. ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಆರಂಭದಲ್ಲಿಯೇ ಆತನ ವಿಶ್ವಾಸವು ಮೊದಲು ಅಜ್ಜಿ ಲೋವಿಯಲ್ಲಿಯೂ ತಾಯಿ ಯೂನಿಕೆಯಲ್ಲಿಯೂ ನೆಲೆಸಿದ್ದುದನ್ನು ನೆನೆಯುತ್ತಾರೆ. ಹೊಸ ಒಡಂಬಡಿಕೆಯಲ್ಲಿ ಅಜ್ಜಿ ಎಂಬ ಪದ ಬಂದಿರುವುದು ಅದೊಂದೇ ಕಡೆ.

1850ರಲ್ಲಿ ಮೈಸೂರು ಪ್ರತ್ಯೇಕ ಪ್ರೇಷಿತ ಪ್ರಾಂತವಾಯಿತು, 1886ರಲ್ಲಿ ಧರ್ಮಪ್ರಾಂತವಾಯಿತು. ಮೊದಲನೆಯ ಅಧಿಪತಿಗಳಾದ ಶಾರ್ಬೊನೊ ಅವರ ಕಾಲದಲ್ಲಿ ಬೆಂಗಳೂರಿನಲ್ಲಿ ಮುದ್ರಣಾಲಯ ಸ್ಥಾಪಿತವಾಗಿ ಕನ್ನಡದಲ್ಲಿ ಧಾರ್ಮಿಕ ಪುಸ್ತಕಗಳು ಅಚ್ಚಾಗತೊಡಗಿದುವು. 1861ರಲ್ಲಿ ಲ್ಯಾಟಿನ್–ಕನ್ನಡ ನಿಘಂಟೇ ಹೊರಬಂತು. ಓದುಬಲ್ಲ ಉಪದೇಶಿಗಳಿಗೆ ಇವು ವರವಾದುವು. ಓದು ಬಾರದ ತಾಯಂದಿರಿಗೆ ಮಾತ್ರ ಕಿವಿಯೇ ಪುಸ್ತಕ, ನಾಲಿಗೆಯೇ ಅಚ್ಚುಕೂಟ.

ಈಗ ನಮ್ಮ ಸೀಮೆಗೆ ಬರೋಣ. ಅರಿಕುಠಾರವೆಂಬ ಊರು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1818ರಲ್ಲಿ, ಅವರ ತಂದೆಯ ಹೆಸರಿನಿಂದ ಚಾಮರಾಜನಗರವಾಯಿತು. ಗುಂಡ್ಲುಪೇಟೆಯಾದರೋ ಮೈಸೂರಿನಿಂದ ನೀಲಗಿರಿಗೆ ಹೋಗುವ ಹೆದ್ದಾರಿಯ ಊರು. ದಕ್ಷಿಣಕ್ಕೆ ಬಂಡೀಪುರದ ಕಾಡು. ಎರಡು ಪಟ್ಟಣಗಳ ನಡುವೆ ತೆರಕಣಾಂಬಿಯ ದಾರಿ. ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ಅದು ಮುಂದುವರಿದು ಚಾಮರಾಜನಗರವನ್ನು ತಲುಪಲು 1926ನೆಯ ಇಸವಿ ಬೇಕಾಯಿತು. ಗುಂಡ್ಲುಪೇಟೆಗೆ ರೈಲು ಬರಲೇ ಇಲ್ಲ. ಆದ್ದರಿಂದ ಗುರುಗಳ ಸಂಚಾರವೆಂದರೆ ಕುದುರೆ, ಎತ್ತಿನ ಗಾಡಿ, ಕಾಲ್ನಡಿಗೆ. ಮಳೆಗಾಲದಲ್ಲಿ ಹಳ್ಳಗಳು, ಬೇಸಿಗೆಯಲ್ಲಿ ಧೂಳು, ಕಾಡಂಚಿನಲ್ಲಿ ಆನೆ, ತಗ್ಗಿನ ಹಳ್ಳಿಗಳಲ್ಲಿ ಮಲೇರಿಯಾ ಜ್ವರ. ಒಬ್ಬ ಗುರುವಿಗೆ ಹತ್ತಾರು ಹಳ್ಳಿಗಳು. ದೂರದ ಹಳ್ಳಿಯವರಿಗೆ ಪ್ರತಿ ಭಾನುವಾರದ ಪೂಜೆ ಎಂಬುದು ಕನಸು. ಉಳಿದ ಭಾನುವಾರಗಳಂದು ಏನಾಗುತ್ತಿತ್ತು? ಉಪದೇಶಿ ಇದ್ದರೆ ಆತ, ಇಲ್ಲದಿದ್ದರೆ ಊರಿನ ಹಿರಿಯ ಹೆಂಗಸು ಎಲ್ಲರನ್ನೂ ಕೂಡಿಸಿ ಜಪಸರ ನಡೆಸುವುದು. ಈ ಪದ್ಧತಿಗೆ ಯಾರ ಆಜ್ಞೆಯೂ ಇರಲಿಲ್ಲ. ಬೇರೆ ದಾರಿ ಇರಲಿಲ್ಲ, ಅಷ್ಟೆ.

1920ರ ದಶಕದಲ್ಲಿ ಹುಟ್ಟಿದ ಹೆಣ್ಣುಮಗುವಿನ ಜ್ಞಾನಸ್ನಾನವನ್ನು ಕಣ್ಣಮುಂದೆ ತಂದುಕೊಳ್ಳೋಣ. ಆಗ ಮೈಸೂರಿನ ಧರ್ಮಾಧ್ಯಕ್ಷರು ಮೊರಿಸ್ ದೆಸ್ಪತ್ಯೂರ್. ಜಾರಿಯಲ್ಲಿದ್ದುದು 1917ರ ಧರ್ಮಸಂಹಿತೆ. ಅದರ ಪ್ರಕಾರ ಮಗುವಿಗೆ ಸಾಧ್ಯವಾದಷ್ಟು ಬೇಗ ಜ್ಞಾನಸ್ನಾನವಾಗಬೇಕು. ಹೆತ್ತು ಕೆಲವೇ ದಿನವಾದ ತಾಯಿ ಬಾಣಂತಿಕೋಣೆಯಲ್ಲಿ ಉಳಿಯುತ್ತಾಳೆ. ಮಗುವನ್ನು ಜ್ಞಾನತಾಯಿ ಎತ್ತಿಕೊಂಡು ದೇವಾಲಯಕ್ಕೆ ಹೋಗುತ್ತಾಳೆ. ಇಂದಿನ ಓದುಗರಿಗೆ ಆಶ್ಚರ್ಯವೆನಿಸಬಹುದು, ಆದರೆ ನಿಜಸ್ಥಿತಿ ಇದು: ಅಂದಿನ ಬಹುಪಾಲು ತಾಯಂದಿರು ತಮ್ಮ ಮಕ್ಕಳ ಜ್ಞಾನಸ್ನಾನವನ್ನು ಕಣ್ಣಾರೆ ಕಂಡವರಲ್ಲ. ಬಾಣಂತನ ಮುಗಿದ ಮೇಲೆ ಆಕೆ ದೇವಾಲಯದ ಬಾಗಿಲಿಗೆ ಬಂದು, ದೀಪ ಹಿಡಿದು ಮಂಡಿಯೂರಿ, ಗುರುವಿನ ಆಶೀರ್ವಾದ ಪಡೆದು ಒಳಗೆ ಬರುತ್ತಿದ್ದಳು. 1969ರಲ್ಲಿ ಹೊಸ ಜ್ಞಾನಸ್ನಾನ ವಿಧಿ ಪ್ರಕಟವಾದಾಗ ತಂದೆತಾಯಿಯರಿಗೆ ಆ ವಿಧಿಯ ನಡುವೆಯೇ ಸ್ಥಾನ ದೊರಕಿತು. ತಾಯಿಯ ಆಶೀರ್ವಾದವೂ ಅದರೊಳಗೇ ಸೇರಿತು. ಐವತ್ತರ, ಅರವತ್ತರ ದಶಕಗಳಲ್ಲಿ ಹೆತ್ತು, ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಅಜ್ಜಿಯರಾದವರು ಮೊಮ್ಮಕ್ಕಳ ಜ್ಞಾನಸ್ನಾನಕ್ಕೆ ಅಷ್ಟೊಂದು ಸಡಗರಪಡುತ್ತಿದ್ದುದರ ಕಾರಣವನ್ನು ಇಲ್ಲಿ ಹುಡುಕಬೇಕು.

ಜ್ಞಾನಸ್ನಾನದ ಪುಸ್ತಕದಲ್ಲಿ ಮಗುವಿನ ಹೆಸರು, ದಿನ, ಸ್ಥಳ, ತಂದೆತಾಯಿ, ಜ್ಞಾನತಂದೆ, ಜ್ಞಾನತಾಯಿ, ಗುರುವಿನ ಸಹಿ ಇವಿಷ್ಟು ದಾಖಲಾಗುತ್ತವೆ. ಇಂಥ ಪುಸ್ತಕಗಳನ್ನು ಇಡಬೇಕೆಂಬ ಕಟ್ಟಳೆ 1563ರಲ್ಲಿ ಮುಗಿದ ಟ್ರೆಂಟ್ ಮಹಾಸಭೆಯಷ್ಟು ಹಳೆಯದು. ನಮ್ಮ ಸೀಮೆಯ ಬಡ ಕುಟುಂಬಗಳ ಚರಿತ್ರೆಗೆ ಇದಕ್ಕಿಂತ ಒಳ್ಳೆಯ ಆಧಾರ ಇನ್ನೊಂದಿಲ್ಲ. ಜಮೀನಿಲ್ಲದವನ ಹೆಸರು ಕಂದಾಯದ ದಫ್ತರದಲ್ಲಿ ಸಿಕ್ಕದು, ಇಲ್ಲಿ ಸಿಕ್ಕುತ್ತದೆ. ಆದರೆ ಒಬ್ಬ ಹೆಂಗಸನ್ನು ಈ ಪುಸ್ತಕಗಳಲ್ಲಿ ಹುಡುಕಹೊರಟರೆ ಆಕೆ ಸ್ವಂತ ಸಾಲಿನಲ್ಲಿ ಸಿಕ್ಕುವುದು ಜ್ಞಾನಸ್ನಾನ, ದೃಢೀಕರಣ, ವಿವಾಹ, ಮರಣ ಎಂಬ ನಾಲ್ಕೇ ಕಡೆ. ಮಿಕ್ಕೆಲ್ಲ ಕಡೆ ಆಕೆ ಇಂಥವನ ತಾಯಿ, ಇಂಥವಳ ಜ್ಞಾನತಾಯಿ. ಎಂಟು ಹೆತ್ತವಳ ಹೆಸರು ಎಂಟು ಬಾರಿ, ಬೇರೆ ಬೇರೆ ಗುರುಗಳ ಬೇರೆ ಬೇರೆ ಕಾಗುಣಿತದಲ್ಲಿ ಬಂದಿರುತ್ತದೆ. ಲ್ಯಾಟಿನ್ ಪದ್ಧತಿಯಲ್ಲಿ ಮರಿಯ ಎಂದು ಬರೆಸಿಕೊಂಡವಳು ಮನೆಯಲ್ಲಿ ಮರಿಯಮ್ಮ, ಊರಿನ ಬಾಯಲ್ಲಿ ಮರಿಯವ್ವ. ಹುಡುಕುವವರು ತಾಳ್ಮೆಯಿಂದ ಹುಡುಕಬೇಕು.

ಆ ಪುಸ್ತಕದಲ್ಲಿ ಕಾಣದ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾಗದು. ಹುಟ್ಟಿದ ಮಗು ಉಸಿರು ಹಿಡಿಯದೆ ಒದ್ದಾಡುತ್ತಿದೆ; ಗುರುಗಳು ಇಪ್ಪತ್ತು ಮೈಲಿ ಆಚೆ ಇದ್ದಾರೆ. ಇಂಥ ಸಮಯದಲ್ಲಿ ಯಾರು ಬೇಕಾದರೂ ಮಗುವಿನ ತಲೆಯ ಮೇಲೆ ನೀರು ಸುರಿದು ತ್ರಿಯೇಕ ದೇವರ ನಾಮದಲ್ಲಿ ಜ್ಞಾನಸ್ನಾನ ನೀಡಬಹುದು. ಅದು ಸಂಪೂರ್ಣ ಸಿಂಧು. 1917ರ ಸಂಹಿತೆ ಇಲ್ಲಿಯೂ ಪುರುಷನಿಗೇ ಮೊದಲ ಸ್ಥಾನ ಕೊಟ್ಟಿತ್ತು. ಆದರೆ ಮಾನಮರ್ಯಾದೆಯ ಕಾರಣವಿದ್ದರೆ, ಅಥವಾ ಸ್ತ್ರೀಯೇ ಆ ಕ್ರಮವನ್ನು ಹೆಚ್ಚು ಚೆನ್ನಾಗಿ ಬಲ್ಲವಳಾಗಿದ್ದರೆ ಆಕೆಯೇ ನೀಡಬಹುದೆಂದೂ ಸೇರಿಸಿತ್ತು. ಅಷ್ಟೇ ಅಲ್ಲ, ಸೂಲಗಿತ್ತಿಯರಿಗೆ ಈ ಕ್ರಮವನ್ನು ಸರಿಯಾಗಿ ಕಲಿಸುವುದು ಗುರುವಿನ ಕರ್ತವ್ಯವೆಂದು ವಿಧಿಸಿತ್ತು. ಹೆರಿಗೆಯ ಕೋಣೆಯೊಳಗೆ ಗಂಡಸರು ಕಾಲಿಡದ ನಮ್ಮ ನಾಡಿನಲ್ಲಿ ಇದರ ಅರ್ಥ ಸ್ಪಷ್ಟ. ಆ ಕೋಣೆಯಲ್ಲಿ ಆ ಗಳಿಗೆಯ ಮಟ್ಟಿಗೆ ಧರ್ಮಸಭೆಯೆಂದರೆ ಒಬ್ಬ ಮುದುಕಿ ಮತ್ತು ಒಂದು ಚೊಂಬು ನೀರು. ಜ್ಞಾನಸ್ನಾನವಿಲ್ಲದೆ ತೀರಿಕೊಂಡ ಶಿಶುವಿಗೆ ಪವಿತ್ರೀಕರಿಸಿದ ಭೂಮಿಯಲ್ಲಿ ಜಾಗವಿಲ್ಲವೆಂಬ ನಿಯಮವಿದ್ದ ಕಾಲ ಅದು. ಅಜ್ಜಿಯ ಕೈ ನಡುಗಿದ್ದರೆ, ಮಾತು ತಪ್ಪಿದ್ದರೆ, ಹೆತ್ತವಳ ದುಃಖಕ್ಕೆ ಇನ್ನೊಂದು ದುಃಖ ಸೇರುತ್ತಿತ್ತು. ಬದುಕಿ ಉಳಿದ ಮಗುವಿಗೆ ಗುರುಗಳು ಬಂದಾಗ ಉಳಿದ ವಿಧಿಗಳನ್ನು ಪೂರೈಸುತ್ತಿದ್ದರು. ನೀರು ಸುರಿದ ಕೈಯ ನೆನಪು ಮನೆಯವರಲ್ಲಿ ಉಳಿದರೆ ಉಳಿಯಿತು. ಇಂದಿನ ಧರ್ಮಸಭೆ ಅಂಥ ಶಿಶುಗಳನ್ನು ದೇವರ ಕರುಣೆಗೆ ಒಪ್ಪಿಸಿ ಭರವಸೆಯಿಂದ ಪ್ರಾರ್ಥಿಸುತ್ತದೆ; ಅಂದಿನ ತಾಯಂದಿರಿಗೆ ಆ ಸಮಾಧಾನ ಸಿಕ್ಕಿರಲಿಲ್ಲ.

ಹುಡುಗಿಗೆ ಏಳು ವರ್ಷವಾಗುವ ಹೊತ್ತಿಗೆ ಪ್ರಥಮ ಸತ್ಪ್ರಸಾದ. ಈ ಸೌಭಾಗ್ಯ ಆಕೆಯ ತಾಯಿಗೆ ಆ ವಯಸ್ಸಿನಲ್ಲಿ ದೊರಕಿರಲಾರದು. ಹತ್ತನೆಯ ಭಕ್ತಿನಾಥರು 1910ರಲ್ಲಿ ಹೊರಡಿಸಿದ ಆಜ್ಞೆಯಿಂದಲೇ ಸಣ್ಣ ಮಕ್ಕಳಿಗೆ ಈ ಬಾಗಿಲು ತೆರೆದದ್ದು. ಆದರೆ ಉಪವಾಸ ಕಠಿಣ. ಸತ್ಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ಒಂದು ಗುಟುಕು ನೀರನ್ನೂ ಮುಟ್ಟುವಂತಿಲ್ಲ. ಹಳ್ಳಿಯಿಂದ ನಸುಕಿನಲ್ಲೇ ಹೊರಟು, ಕಂಕುಳಲ್ಲಿ ಒಂದು ಕೂಸು, ಕೈಯಲ್ಲೊಂದು, ಆರೇಳು ಮೈಲಿ ನಡೆದು ಬಂದ ತಾಯಿ ಪೂಜೆ ಮುಗಿಯುವವರೆಗೂ ಬಾಯಾರಿಕೆಯಿಂದಲೇ ಮಂಡಿಯೂರಿರಬೇಕು. ಮಗುವಿಗೆ ಹಾಲುಣಿಸುವವಳಾದರೂ ಅಷ್ಟೆ. 1953ರಲ್ಲಿ ಹನ್ನೆರಡನೆಯ ಭಕ್ತಿನಾಥರು ನೀರು ಕುಡಿಯಲು ಅನುಮತಿಯಿತ್ತರು. 1957ರಲ್ಲಿ ಉಪವಾಸ ಮೂರು ಗಂಟೆಗಿಳಿಯಿತು. 1964ರಲ್ಲಿ ಒಂದು ಗಂಟೆಗೆ. ಅಭ್ಯಾಸ ಮಾತ್ರ ಕಾನೂನಿನ ಹಿಂದೆ ಅಷ್ಟು ಬೇಗ ಓಡುವುದಿಲ್ಲ. ನಡುರಾತ್ರಿಯ ಉಪವಾಸವನ್ನು ಕೊನೆಯವರೆಗೂ ಬಿಡದ ಹಿರಿಯರು ಎಷ್ಟೋ ಮಂದಿ ಇದ್ದರೆಂದು ಹೇಳಿದರೆ ನಮ್ಮ ಓದುಗರಲ್ಲಿ ಯಾರೂ ಅಲ್ಲಗಳೆಯಲಾರರು.

ಅದೇ ಹಳೆಯ ಸಂಹಿತೆಯಲ್ಲಿ ಸ್ತ್ರೀಯರು ದೇವಾಲಯದಲ್ಲಿ ತಲೆಯನ್ನು ಮುಚ್ಚಿಕೊಂಡಿರಬೇಕೆಂಬ ವಿಧಿಯೂ ಇತ್ತು. ಈ ಒಂದು ವಿಧಿಯನ್ನು ನಮ್ಮ ತಾಯಂದಿರಿಗೆ ಯಾರೂ ಬೋಧಿಸಬೇಕಾಗಿರಲಿಲ್ಲ. ಸೆರಗು ಮೊದಲೇ ತಲೆಯ ಮೇಲಿತ್ತು. 1983ರ ಹೊಸ ಸಂಹಿತೆಯಲ್ಲಿ ಆ ವಿಧಿ ಇಲ್ಲ. ಅಜ್ಜಿಯರ ಸೆರಗು ಮಾತ್ರ ಇದ್ದಲ್ಲೇ ಇತ್ತು.

ದೇವಾಲಯದ ಒಳಗೆ ಪೂಜೆ ಲ್ಯಾಟಿನ್ನಿನಲ್ಲಿ. ಪೀಠದ ಕಡೆಗೆ ಮುಖ ಮಾಡಿ ನಿಂತ ಗುರುಗಳ ಮಂತ್ರ ಜನರಿಗೆ ಅರ್ಥವಾಗುತ್ತಿರಲಿಲ್ಲ. ಜನರು ತಮ್ಮ ಪಾಡಿಗೆ ಜಪಸರ ಎಣಿಸುತ್ತಿದ್ದರು; ಚಿಕ್ಕ ಗಂಟೆ ಬಾರಿಸಿದಾಗ ತಲೆಬಾಗುತ್ತಿದ್ದರು. ಇದನ್ನು ಅಜ್ಞಾನವೆಂದು ಇಂದಿನವರು ಹಗುರವಾಗಿ ಹೇಳುವುದುಂಟು. ನಮಗೆ ಹಾಗೆ ತೋರುವುದಿಲ್ಲ. ಹದಿನೈದು ರಹಸ್ಯಗಳನ್ನು ಕ್ರಮ ತಪ್ಪದೆ ಧ್ಯಾನಿಸಬಲ್ಲವಳು ಯೇಸುಸ್ವಾಮಿಯ ಜನನ, ಪಾಡು, ಮರಣ, ಪುನರುತ್ಥಾನಗಳ ಇಡೀ ಕಥೆಯನ್ನು ಬಲ್ಲವಳೇ ಸರಿ. ಅಕ್ಷರ ಬಾರದವರಿಗೆ ಜಪಸರವೇ ಶುಭಸಂದೇಶದ ಗ್ರಂಥವಾಗಿತ್ತು.

ಮನೆಯಲ್ಲಿ ಸಂಜೆಯ ಜಪ. ಈ ಸೀಮೆಯಲ್ಲಿ ಅದರ ಹೊತ್ತನ್ನು ನಿರ್ಧರಿಸುತ್ತಿದ್ದುದು ಗಡಿಯಾರವಲ್ಲ, ಕೆಲಸ. ಚಾಮರಾಜನಗರ, ಕೊಳ್ಳೇಗಾಲ ಸುತ್ತಿನ ಹಳ್ಳಿಗಳಲ್ಲಿ ರೇಷ್ಮೆಹುಳು ಸಾಕುವುದು ಬಹುಮಟ್ಟಿಗೆ ಮನೆಯ ಹೆಂಗಸರ ದುಡಿಮೆ. ಹುಳು ನಾಲ್ಕನೆಯ ಜ್ವರದಿಂದ ಎದ್ದಮೇಲೆ ಅದರ ಹಸಿವಿಗೆ ಹಗಲಿಲ್ಲ, ಇರುಳಿಲ್ಲ. ಸೊಪ್ಪು ಹಾಕಿ, ತಟ್ಟೆ ಶುಚಿಮಾಡಿ, ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವವರೆಗೆ ನಿದ್ರೆ ಎಂಬುದಿಲ್ಲ. ಭಾನುವಾರ ದೈಹಿಕ ದುಡಿಮೆ ನಿಷಿದ್ಧವೆಂದು ಜ್ಞಾನೋಪದೇಶ ಹೇಳುತ್ತದೆ. ಆದರೆ ಹುಳುವಿಗೆ ಭಾನುವಾರ ಗೊತ್ತಿಲ್ಲ. ಅನಿವಾರ್ಯ ಕೆಲಸಕ್ಕೆ ಧರ್ಮಸಭೆಯ ಸಮ್ಮತಿಯಿದೆಯೆಂಬುದನ್ನು ತಿಳಿದೂ, ಸೊಪ್ಪು ಹಾಕುವ ಕೈಯಿಂದಲೇ ‘ನಮೋ ಮರಿಯಾ’ಗಳನ್ನು ಎಣಿಸುವುದು ತಾಯಂದಿರು ತಾವೇ ಕಂಡುಕೊಂಡ ಪರಿಹಾರ. ಹುಳುಮನೆಯಲ್ಲಿ ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿರುತ್ತದೆ. ಆ ಸದ್ದಿನ ನಡುವೆ ಜಪ ಕಲಿತ ಮಕ್ಕಳಲ್ಲಿ ಕೆಲವರು ಗುರುಗಳಾದರು, ಕೆಲವರು ಕನ್ಯಾಸ್ತ್ರೀಯರಾದರು. ಬಹುಮಂದಿ ಇನ್ನೊಂದು ಮನೆಯ ಹುಳುಮನೆಗೆ ಸೊಸೆಯರಾಗಿ ಹೋಗಿ ಅದೇ ಜಪವನ್ನು ಅಲ್ಲಿ ಹೇಳಿದರು.

ಭಾಷೆಯ ಮಾತನ್ನೂ ಇಲ್ಲಿ ಆಡಬೇಕು. ಗಡಿಸೀಮೆಯಾದ್ದರಿಂದ ಎಷ್ಟೋ ಮನೆಗಳಲ್ಲಿ ಸಂತೆ, ಹೊಲ, ಶಾಲೆಗೆಲ್ಲ ಕನ್ನಡ. ಜಪಕ್ಕೆ ಮಾತ್ರ ತಾಯಿಯ ತಾಯಿಯಿಂದ ಬಂದ ತಮಿಳು. ಕನ್ನಡದಲ್ಲಿ ಜಗಳವಾಡಿ ತಮಿಳಿನಲ್ಲಿ ಪಾಪನಿವೇದನೆ ಮಾಡಿಕೊಂಡವರೂ ಉಂಟು. ಬೇರೆ ಕಡೆ ಈ ವಿಷಯ ಕಲಹಕ್ಕೆ ಕಾರಣವಾದದ್ದು ಎಲ್ಲರಿಗೂ ತಿಳಿದಿದೆ. ಸಂತರ ಹೆಸರು ಯಾವ ಭಾಷೆಯಲ್ಲಿ ಹೇಳಿದರೂ ಒಂದೇ ಎಂದು ಸುಮ್ಮನಾಗುವ ಅಜ್ಜಿಯರ ವಿವೇಕ ಸಭೆ ಸೇರಿ ಭಾಷಣ ಮಾಡಿದವರಿಗೆ ಇದ್ದಿದ್ದರೆ ಎಷ್ಟೋ ಕಹಿ ತಪ್ಪುತ್ತಿತ್ತು.

ಇನ್ನು ಹರಕೆಗಳು. ಮೈಸೂರು ಸೀಮೆಯ ಕಥೋಲಿಕರಿಗೆ ಕೃಷ್ಣರಾಜನಗರ ತಾಲ್ಲೂಕಿನ ದೋರನಹಳ್ಳಿಯ ಸಂತ ಅಂತೋಣಿಯವರ ಪುಣ್ಯಕ್ಷೇತ್ರ ಎಂದೂ ಹತ್ತಿರವೇ. ಹೊಲ ಉಳುತ್ತಿದ್ದ ರೈತನಿಗೆ ಮರದ ಪ್ರತಿಮೆಯೊಂದು ದೊರೆತ ಕಥೆಯನ್ನು ಕೇಳದ ಮಗು ನಮ್ಮಲ್ಲಿ ಇಲ್ಲ. ಜೂನ್ 13ರ ಹಬ್ಬಕ್ಕೆ ಸರ್ವಮತದವರೂ ಸೇರುವ ಆ ಕ್ಷೇತ್ರಕ್ಕೆ 2019ರಲ್ಲಿ ಕಿರಿಯ ಬೆಸಿಲಿಕಾ ಪದವಿ ದೊರಕಿತು. ಹರಕೆ ಹೊತ್ತು ನಡೆಯುವುದೆಂದರೇನೆಂಬುದು ನಮ್ಮ ತಾಯಂದಿರಿಗೆ ನೆರೆಹೊರೆಯಿಂದಲೂ ತಿಳಿದಿತ್ತು. ಮಾದಪ್ಪನ ಬೆಟ್ಟಕ್ಕೆ ಕಾಡುಹಾದಿಯಲ್ಲಿ ನಡೆದು ಹೋಗುವ ಪರಿಷೆಯನ್ನು ಪ್ರತಿ ವರ್ಷವೂ ಕಂಡವರು ಅವರು. ದೇವರು ಬೇರೆಯಾದರೂ ಬೊಬ್ಬೆಯೆದ್ದ ಪಾದದ ನೋವು ಒಂದೇ ಎಂಬ ಗೌರವ ಎರಡು ಕಡೆಯವರಲ್ಲೂ ಇತ್ತು.

ಮೈಸೂರಿನಲ್ಲಿ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿಭಾರ ಹಾಕಿದ ಸಂತ ಫಿಲೋಮಿನಾ ಮಹಾದೇವಾಲಯ ಮೇಲೇಳುತ್ತಿದ್ದಂತೆ ಧರ್ಮಪ್ರಾಂತದ ಮನೆಮನೆಯಲ್ಲೂ ಫಿಲೋಮಿನಾ ಎಂಬ ಹೆಸರು ಹಬ್ಬಿತು. 1961ರಲ್ಲಿ ಆ ಸಂತಳ ಹಬ್ಬವನ್ನು ಪೂಜಾ ಪಂಚಾಂಗಗಳಿಂದ ತೆಗೆಯಲು ರೋಮಿನಿಂದ ಆಜ್ಞೆಯಾಯಿತು. ಆಕೆಯ ಜೀವನದ ಬಗ್ಗೆ ಖಚಿತ ಚಾರಿತ್ರಿಕ ಆಧಾರವಿಲ್ಲವೆಂಬುದು ಕಾರಣ. ವಿದ್ವಾಂಸರ ವಿಚಾರಕ್ಕೆ ನಾವು ಎದುರಾಡುವುದಿಲ್ಲ. ಆದರೆ ಮಗಳಿಗೂ ಮೊಮ್ಮಗಳಿಗೂ ಆ ಹೆಸರಿಟ್ಟ ಫಿಲೋಮಿನಮ್ಮಂದಿರು ಆಗಸ್ಟ್ 11ರಂದು ಮೇಣದಬತ್ತಿ ಹಚ್ಚುವುದನ್ನು ನಿಲ್ಲಿಸಲಿಲ್ಲ. ಮೈಸೂರಿನಲ್ಲಿ ಆ ಹಬ್ಬ ಇಂದಿಗೂ ನಡೆಯುತ್ತಿದೆ.

ಇಷ್ಟರಲ್ಲಿ ನಾಡಿನ ಗೆರೆಗಳೂ ಧರ್ಮಪ್ರಾಂತದ ಗೆರೆಗಳೂ ಬದಲಾದುವು. 1940ರಲ್ಲಿ ಬೆಂಗಳೂರು ಪ್ರತ್ಯೇಕ ಧರ್ಮಪ್ರಾಂತವಾಯಿತು; 1955ರಲ್ಲಿ ನೀಲಗಿರಿ ಬೇರ್ಪಟ್ಟು ಉದಕಮಂಡಲ ಧರ್ಮಪ್ರಾಂತವಾಯಿತು; 1963ರಲ್ಲಿ ಚಿಕ್ಕಮಗಳೂರು. ಮದರಾಸು ಪ್ರಾಂತಕ್ಕೆ ಸೇರಿದ್ದ ಕೊಳ್ಳೇಗಾಲ 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಚಾಮರಾಜನಗರವೇ ಜಿಲ್ಲೆಯಾಯಿತು. ಇವುಗಳಿಂದ ಅಜ್ಜಿಯರ ದಿನಚರಿಗೆ ಆದ ವ್ಯತ್ಯಾಸ ಅತ್ಯಲ್ಪ.

ವ್ಯತ್ಯಾಸ ತಂದದ್ದು ಎರಡನೆಯ ವ್ಯಾಟಿಕನ್ ಮಹಾಸಭೆ. 1963ರ ಡಿಸೆಂಬರಿನಲ್ಲಿ ಪೂಜಾವಿಧಿಯ ಸಂವಿಧಾನಕ್ಕೆ ಅಂಗೀಕಾರ ದೊರಕಿ ಮಾತೃಭಾಷೆಗೆ ದಾರಿಯಾಯಿತು. 1969ರ ಆಗಮನಕಾಲದ ಮೊದಲ ಭಾನುವಾರದಿಂದ ಹೊಸ ಪೂಜಾಕ್ರಮ ಜಾರಿಗೆ ಬಂತು. ಗುರುಗಳು ಜನರ ಕಡೆಗೆ ಮುಖ ತಿರುಗಿಸಿ ಕನ್ನಡದಲ್ಲಿ ಪೂಜೆ ಅರ್ಪಿಸತೊಡಗಿದರು. ನಲವತ್ತು ವರ್ಷ ಅರ್ಥವಾಗದ ಮಾತಿಗೆ ತಲೆಬಾಗಿದವಳು ತನ್ನ ಭಾಷೆಯಲ್ಲಿ ಸಮರ್ಪಣೆಯ ಮಾತುಗಳನ್ನು ಕೇಳಿದಾಗ ಏನೆಂದುಕೊಂಡಳು? ಸಂತೋಷವಾಗಿರಬೇಕು, ಸಂಶಯವಿಲ್ಲ. ಆದರೆ ಸ್ವಲ್ಪ ನಷ್ಟವೂ 
ಆಯಿತೆಂದು ನಾವು ಭಾವಿಸುತ್ತೇವೆ. ಪೂಜೆಯ ನಡುವೆ ಜಪಸರ ಎಣಿಸಬೇಡಿರೆಂದು ಹೇಳಲಾಯಿತು. ಪ್ರತ್ಯುತ್ತರಗಳನ್ನು ಪುಸ್ತಕ ನೋಡಿ ಓದಬೇಕಾಯಿತು. ಓದಬಲ್ಲ ಮೊಮ್ಮಗಳು ಮುಂದಾದಳು, ಓದಲಾರದ ಅಜ್ಜಿ ಅವಳ ಪಕ್ಕದಲ್ಲಿ ತುಟಿ ಅಲುಗಿಸುತ್ತ ನಿಂತಳು. ಕೆಲವೇ ತಿಂಗಳಲ್ಲಿ ಅವೂ ಬಾಯಿಪಾಠವಾದುವು, ಅದು ಬೇರೆ ಮಾತು. 2002ರಲ್ಲಿ ಎರಡನೆಯ ಜಾನ್ ಪೌಲರು ಜಪಸರಕ್ಕೆ ಬೆಳಕಿನ ರಹಸ್ಯಗಳನ್ನು ಸೇರಿಸಿದಾಗ ಅಂಥವರು ಎಂಬತ್ತರ ಆಸುಪಾಸಿನಲ್ಲಿದ್ದರು. ಹದಿನೈದು ಇದ್ದದ್ದು ಇಪ್ಪತ್ತಾಯಿತು. ಗುರುವಾರ ಮಕ್ಕಳು ಹೊಸದನ್ನು ಹೇಳುವಾಗ ಅವರೊಡನೆ ಹೇಳಿ, ಆಮೇಲೆ ತಾವೊಬ್ಬರೇ ಹಳೆಯ ಕ್ರಮದಂತೆ ಸಂತೋಷದ ರಹಸ್ಯಗಳನ್ನೂ ಹೇಳಿಕೊಳ್ಳುವುದು ಹಿರಿಯರ ಜಾಣತನ.

ಈ ದೀರ್ಘಾಯುಷ್ಯದ ಕೊನೆಯ ಭಾಗ ಹಾಸಿಗೆಯಲ್ಲಿ ಕಳೆಯುವುದು ಹೆಚ್ಚು. ದೇವಾಲಯಕ್ಕೆ ನಡೆಯಲಾರದವರ ಮನೆಗೆ ಸತ್ಪ್ರಸಾದ ಬರುತ್ತದೆ. ಅದಕ್ಕಾಗಿ ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ, ಶಿಲುಬೆ, ದೀಪ, ನೀರು ಸಿದ್ಧಪಡಿಸುವ ಕ್ರಮವನ್ನು ಸೊಸೆಯರಿಗೆ ಹೇಳಿಕೊಟ್ಟವರೂ ಅವರೇ. 2020ರ ಮಾರ್ಚಿಯಲ್ಲಿ ಮಹಾಮಾರಿಯಿಂದ ದೇವಾಲಯಗಳ ಬಾಗಿಲು ಮುಚ್ಚಿ, ಆ ವರ್ಷದ ಗರಿಗಳ ಭಾನುವಾರವೂ ಪಾಸ್ಕ ಹಬ್ಬವೂ ಜನರಿಲ್ಲದೆ ನಡೆದಾಗ ಯುವಕರು ದಿಕ್ಕುತೋಚದೆ ಮೊಬೈಲಿನ ಪರದೆಯ ಮೇಲೆ ಪೂಜೆ ಹುಡುಕಿದರು. ಗುರುವಿಲ್ಲದ ಭಾನುವಾರವನ್ನು ಹೇಗೆ ಕಳೆಯಬೇಕೆಂಬುದು ಹಿರಿಯ ತಲೆಗಳಿಗೆ ಗೊತ್ತಿತ್ತು. ಮನೆಯವರೆಲ್ಲ ಒಂದು ದೀಪದ ಮುಂದೆ ಕುಳಿತರೆ ಸಾಕು. ಮರುವರ್ಷ, 2021ರಲ್ಲಿ, ಜಗದ್ಗುರು ಫ್ರಾನ್ಸಿಸರು ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರ ಮತ್ತು ವೃದ್ಧರ ವಿಶ್ವದಿನವೆಂದು ಸಾರಿದರು. ಮಾತೆ ಮರಿಯಮ್ಮನವರ ತಂದೆತಾಯಿಗಳಾದ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬ ಜುಲೈ 26ರಂದು ಬರುವುದೇ ಇದಕ್ಕೆ ಆಧಾರ. ಅದೇ ವರ್ಷದ ಜನವರಿಯಲ್ಲಿ ವಾಚಕ ಮತ್ತು ಪೀಠಸೇವಕ ಪದವಿಗಳನ್ನು ಸ್ತ್ರೀಯರಿಗೂ ವಿಧಿವತ್ತಾಗಿ ತೆರೆದರು. ಬಾಣಂತಿಕೋಣೆಯಲ್ಲಿ ಚೊಂಬು ಹಿಡಿದು ನಿಂತವಳ ಮೊಮ್ಮಗಳ ಮಗಳಿಗೆ ಈಗ ಪೀಠದ ಬಳಿ ಸ್ಥಾನವಿದೆ.

ಮರಣದ ಪುಸ್ತಕದಲ್ಲಿ ಆಕೆಯ ಹೆಸರು ಸ್ವಂತ ಸಾಲಿನಲ್ಲಿ ಕೊನೆಯ ಬಾರಿಗೆ ಬರುತ್ತದೆ: ಹೆಸರು, ವಯಸ್ಸು, ಗಂಡನ ಹೆಸರು, ತೀರಿಕೊಂಡ ದಿನ, ಪಡೆದ ಸಂಸ್ಕಾರಗಳು, ಸಮಾಧಿಯ ಸ್ಥಳ. ಇಷ್ಟಕ್ಕೆ ದಾಖಲೆ ಮುಗಿಯುತ್ತದೆ. ನವೆಂಬರ್ 2ರಂದು ಸಮಾಧಿಭೂಮಿಗೆ ಹೋದವರು ನೋಡಿರಬಹುದು. ಹಳೆಯ ಸಮಾಧಿಗಳಲ್ಲಿ ಎಷ್ಟೋ ಬರಿಯ ಮಣ್ಣಿನ ದಿಬ್ಬಗಳು, ಕಲ್ಲಿದ್ದರೂ ಅಕ್ಷರ ಸವೆದಿದೆ. ಅಲ್ಲಿ ಯಾರು ಮಲಗಿದ್ದಾರೆಂದು ಹೇಳಬಲ್ಲವರು ಇನ್ನು ಕೆಲವೇ ಮಂದಿ, ಅವರಿಗೂ ವಯಸ್ಸಾಗಿದೆ.

ಆದ್ದರಿಂದ ಈ ಸಂಚಿಕೆಯ ಕೊನೆಯಲ್ಲಿ ಎರಡು ಹಾಳೆಗಳನ್ನು ಬರೆಯದೆ ಬಿಡಲಾಗಿದೆ. ಪ್ರತಿಯೊಂದು ಕುಟುಂಬದವರೂ ತಮ್ಮ ಅಜ್ಜಿಯ, ಮುತ್ತಜ್ಜಿಯ ಹೆಸರು, ಮನೆಯಲ್ಲಿ ಕರೆಯುತ್ತಿದ್ದ ಹೆಸರು, ತವರೂರು, ಜ್ಞಾನತಾಯಿಯಾಗಿ ಎತ್ತಿಕೊಂಡ ಮಕ್ಕಳು, ಯಾವ ಭಾಷೆಯಲ್ಲಿ ಜಪ ಹೇಳುತ್ತಿದ್ದರು, ತುರ್ತು ಸಮಯದಲ್ಲಿ ಯಾವುದಾದರೂ ಮಗುವಿಗೆ ಜ್ಞಾನಸ್ನಾನ ನೀಡಿದ್ದರೇ ಎಂಬಿಷ್ಟನ್ನು ಆ ಹಾಳೆಗಳಲ್ಲಿ ಬರೆದು, ಕತ್ತರಿಸಿ, ಗುರುಮನೆಗೆ ತಲುಪಿಸಬೇಕೆಂದು ಬೇಡುತ್ತೇವೆ. ಅವನ್ನು ಹೊಲಿಸಿ ಜ್ಞಾನಸ್ನಾನದ ಪುಸ್ತಕಗಳ ಪಕ್ಕದಲ್ಲಿ ಇಡಲಾಗುವುದು. ಬರೆಯಲು ಬಾರದ ಹಿರಿಯರಿದ್ದರೆ ಭಾನುವಾರದ ಎರಡನೆಯ ಪೂಜೆಯ ನಂತರ ಬಂದು ಹೇಳಿದರೆ ಸಾಕು, ನಾವು ಬರೆದುಕೊಳ್ಳುತ್ತೇವೆ.